ಔತಾನ ಮಂಚದ ಕೆಳಗಿನ ಮೂಟೆ

"ಬಾಯಿ ತೆಗಿ! ತೆಗಿ ಅಂದ್ರೆ ತೆಗಿಬೇಕು!"

ಲಾರೈ ತಮ್ಮನ ಎರಡೂ ಕೆನ್ನೆ ಒತ್ತಿ ಹಿಡಿದಳು. ಔತಾ ಹಲ್ಲು ಕಚ್ಚಿಕೊಂಡು ತಲೆ ಅಲ್ಲಾಡಿಸಿದ. ಇನ್ನೂ ಎರಡು ವರ್ಷ ತುಂಬದ ಪೋರ, ಹಟ ಮಾತ್ರ ಕತ್ತೆಯದು. ಲಾರೈ ಬಿಡಲಿಲ್ಲ. ಬೆರಳು ತೂರಿಸಿ ಕೆನ್ನೆಯ ಸಂದಿಯಿಂದ ಒದ್ದೆ ಮಣ್ಣಿನ ಉಂಡೆಯೊಂದನ್ನು ಹೊರಗೆ ತೆಗೆದಳು.

"ಅಮ್ಮಾ, ನೋಡಿಲ್ಲಿ! ಮತ್ತೆ ಮಣ್ಣು ತಿಂದಿದಾನೆ!"

ಅಮ್ಮ ಜುಮ್ಮೈ ತಿರುಗಿ ನೋಡಲಿಲ್ಲ. ಅವಳಿಗೆಲ್ಲಿ ಪುರುಸೊತ್ತು? ಒರಳಿನ ಮುಂದೆ ನಿಂತು ಒನಕೆ ಎತ್ತಿ ಎತ್ತಿ ಹಾಕುತ್ತಿದ್ದಳು. ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ದೇಲು ಅಜ್ಜಿಯೇ ಉತ್ತರ ಕೊಟ್ಟಳು.

"ಮಣ್ಣು ತಿನ್ನದ ಮಗು ಯಾವ ದೇಶದಲ್ಲಿದೆಯೇ? ನಿಮ್ಮಪ್ಪ ಅರ್ಧ ಅಂಗಳ ತಿಂದೇ ಅಷ್ಟೆತ್ತರ ಬೆಳೆದಿದ್ದು."

"ಅದಕ್ಕೇ ಅಪ್ಪಂಗೆ ಮಣ್ಣು ಅಗೆಯೋ ಕೆಲಸ ಸಿಕ್ಕಿರೋದು!" ಎಂದಳು ಲಾರೈ.

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಒನಕೆ ಹಿಡಿದಿದ್ದ ಅಮ್ಮನಿಗೂ ನಗು ತಡೆಯಲಾಗಲಿಲ್ಲ.

ಒರಳಲ್ಲಿದ್ದುದು ಸಜ್ಜೆಯಲ್ಲ, ಕಲ್ಲು. ಅಪ್ಪ ಗರ್ಬಾ, ಗುಡ್ಡದ ಗುಂಡಿಯಲ್ಲಿ ಅಗೆದು, ಕತ್ತೆಯ ಮೇಲೆ ಹೇರಿ ಕಳಿಸಿದ ಕಲ್ಲು. ಅದನ್ನು ಒಡೆದು, ಕುಟ್ಟಿ, ಜರಡಿ ಹಿಡಿದು, ನೀರಲ್ಲಿ ತೊಳೆದರೆ ಬೋಗುಣಿಯ ತಳದಲ್ಲಿ ಎಳ್ಳಿಗಿಂತ ಸಣ್ಣ ಚಿನ್ನದ ಚೂರುಗಳು ಉಳಿಯುತ್ತಿದ್ದವು. ನೈಜೀರಿಯಾದ ಬಡಗಣ ಸೀಮೆಯ ಆ ಊರಲ್ಲಿ ಮದುವೆಯಾದ ಹೆಂಗಸರು ಹಗಲು ಹೊತ್ತು ಅಂಗಳದ ಗೋಡೆ ದಾಟುವುದಿಲ್ಲ. ಹೊರಗಿನ ಗಂಡಸರು ಒಳಗೆ ಕಾಲಿಡುವುದಿಲ್ಲ. ಹೆಂಗಸರು ಗುಡ್ಡಕ್ಕೆ ಹೋಗುವಂತಿಲ್ಲವಲ್ಲ, ಅದಕ್ಕೇ ಗುಡ್ಡವೇ ಅವರ ಅಂಗಳಕ್ಕೆ ಬರುತ್ತಿತ್ತು.

ಕುಟ್ಟಿದ್ದಕ್ಕೆ ಸಿಗುವ ದುಡ್ಡು ಪೂರಾ ಅಮ್ಮನದು. ಅದನ್ನು ಕೇಳುವ ಹಕ್ಕು ಗಂಡನಿಗೂ ಇಲ್ಲ. ಅಮ್ಮನಿಗೆ ಒಂದು ಹೊಲಿಗೆ ಮಷೀನ್ ಕೊಳ್ಳಬೇಕಿತ್ತು. ಅದಕ್ಕಾಗಿ ಪುಡಿ ಮಾಡಿದ್ದನ್ನು ಒಂದು ಮೂಟೆಯಲ್ಲಿ ತುಂಬುತ್ತಾ ಬಂದಿದ್ದಳು. ಮೂಟೆ ತುಂಬಿದ ಮೇಲೆ ಒಟ್ಟಿಗೇ ತೊಳೆದು ಮಾರುವುದು ಅವಳ ಲೆಕ್ಕ.

ಲಾರೈ ಸ್ಕೂಲಿಂದ ಬಂದವಳೇ ಜರಡಿ ಹಿಡಿಯುತ್ತಿದ್ದಳು. ಪುಡಿ ನುಣ್ಣಗೆ, ಹಿಟ್ಟಿನ ಹಾಗೆ ಉದುರುತ್ತಿತ್ತು. ಅವಳ ಕೈ, ಮೂಗು, ರೆಪ್ಪೆ ಎಲ್ಲ ಬೂದಿ ಬಣ್ಣವಾಗುತ್ತಿತ್ತು. ಸಂಜೆ ಅದೇ ಒರಳನ್ನು ತೊಳೆದು ಅಮ್ಮ ಸಜ್ಜೆ ಕುಟ್ಟಿ ಮುದ್ದೆ ಮಾಡುತ್ತಿದ್ದಳು. ಶುಚಿಯಲ್ಲಿ ಅಮ್ಮನನ್ನು ಮೀರಿಸುವವರು ಆ ಕೇರಿಯಲ್ಲಿ ಯಾರೂ ಇರಲಿಲ್ಲ. ಒರಳನ್ನು ಎರಡೆರಡು ಸಲ ತೊಳೆಯುತ್ತಿದ್ದಳು.

ಆದರೂ ಆ ವರ್ಷ ಊರಲ್ಲಿ ಏನೋ ಸರಿ ಇರಲಿಲ್ಲ. ಕಲ್ಲು ತೊಳೆದ ನೀರು ನಿಂತ ಗುಂಡಿಯ ಪಕ್ಕ ಬಾತುಕೋಳಿಗಳು ಸತ್ತು ಬಿದ್ದಿದ್ದವು. ಲಾರೈಯ ಪಕ್ಕದಲ್ಲಿ ಕೂರುತ್ತಿದ್ದ ಅಸಾಬೆ ಒಂದು ದಿನ ಸ್ಕೂಲಿಗೆ ಬರಲಿಲ್ಲ. ಅವಳ ಪುಟ್ಟ ತಂಗಿಯನ್ನು ಮಣ್ಣು ಮಾಡಿ ಬಂದಿದ್ದರು. ಆಮೇಲೆ ಇನ್ನೊಂದು ಮನೆಯ ಮಗು. ಆಮೇಲೆ ಮತ್ತೊಂದು. ಸೊಳ್ಳೆ ಜ್ವರ ಎಂದರು ಕೆಲವರು. ಕೆಟ್ಟ ಗಾಳಿ ಎಂದರು ಇನ್ನು ಕೆಲವರು.

ಒಂದು ಮಧ್ಯಾಹ್ನ ಲಾರೈ ಮೊಸರಿಗೆ ಸಜ್ಜೆ ಉಂಡೆ ಕಲಸಿ ತಮ್ಮನಿಗೆ ತಿನ್ನಿಸುತ್ತಿದ್ದಳು. ಎರಡು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ. ಮೊದಲನೇ ತುತ್ತು ನುಂಗಿದ. ಎರಡನೆಯದಕ್ಕೆ ಬಾಯಿ ತೆರೆಯಲಿಲ್ಲ.

"ನಾಟಕ ಆಡ್ಬೇಡ, ಔತಾ. ಇನ್ನೊಂದೇ ತುತ್ತು."

ಔತಾನ ಕಣ್ಣುಗುಡ್ಡೆ ಮೇಲಕ್ಕೆ ಹೊರಳಿತು. ಕೈಕಾಲು ಸೆಟೆದುಕೊಂಡವು. ಪುಟ್ಟ ಮೈಯೆಲ್ಲ ಅದುರತೊಡಗಿತು. ತುಟಿಯ ಅಂಚಲ್ಲಿ ಬಿಳಿ ನೊರೆ ಬಂತು. ಲಾರೈ ಅವನನ್ನು ತಬ್ಬಿ ಹಿಡಿದಳು. ಬಟ್ಟಲು ಕೈಜಾರಿ ಬಿದ್ದ ಸದ್ದಿಗೆ ಅಮ್ಮ ಓಡಿ ಬಂದಳು.

"ಗಾಳಿ ಸೋಕಿದೆ! ಮಗೂಗೆ ಗಾಳಿ ಸೋಕಿದೆ!" ಅಜ್ಜಿ ಎದೆ ಎದೆ ಬಡಿದುಕೊಂಡಳು.

ಅಮ್ಮ ಗಾಳಿಗೂ ಕಾಯಲಿಲ್ಲ, ಮಂತ್ರಕ್ಕೂ ಕಾಯಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಳು. ಮುಸುಕೆಳೆದುಕೊಂಡು, ಯಾರನ್ನೂ ಕೇಳದೆ, ಹಾಡುಹಗಲಲ್ಲಿ ಗೋಡೆ ದಾಟಿ ಬೀದಿಗೆ ಇಳಿದಳು. ಲಾರೈ ಹುಟ್ಟಿದಾಗಿನಿಂದ ಅಮ್ಮನನ್ನು ಹಾಗೆ ನೋಡಿರಲಿಲ್ಲ. ಎದುರಿಗೆ ಬಂದ ಮೊದಲ ಮೋಟರ್ ಬೈಕಿಗೇ ಕೈ ಅಡ್ಡ ಹಿಡಿದು, ಹತ್ತಿ ಕೂತು, ಪಟ್ಟಣದ ಆಸ್ಪತ್ರೆಗೆ ಹೋಗಿಬಿಟ್ಟಳು.

ಸುದ್ದಿ ತಿಳಿದು ಅಪ್ಪನೂ ಗುಡ್ಡದಿಂದ ನೇರ ಅಲ್ಲಿಗೇ ಓಡಿದ. ಅವನು ಮನೆಗೆ ಬಂದದ್ದು ಮೂರನೆಯ ದಿನ. ಕಣ್ಣು ಕೆಂಡದ ಹಾಗಿತ್ತು. ಲಾರೈ ತಂದುಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಜೀವ ಇದೆ," ಎಂದ. "ನಮ್ಮೂರಿನ ಮಕ್ಕಳೇ ಅಲ್ಲಿ ಸಾಲಾಗಿ ಮಲಗಿದಾವೆ. ಎಲ್ಲರ ರಕ್ತಾನೂ ತೆಗೆದು ನೋಡಿದ್ರು. ಜ್ವರ ಅಲ್ಲ, ಗಾಳಿ ಅಲ್ಲ. ವಿಷ."

"ವಿಷಾನಾ?" ಅಜ್ಜಿ ಕೋಲೂರಿ ಎದ್ದು ನಿಂತಳು. "ನನ್ನ ಮೊಮ್ಮಗಂಗೆ ವಿಷ ಹಾಕಿದೋರು ಯಾರೋ? ಹೆಸರು ಹೇಳು, ಅವರ ಮನೆ ಬಾಗಿಲಲ್ಲೇ ನಿಂತು ಕೇಳ್ತೀನಿ!"

"ಯಾರೂ ಹಾಕಿಲ್ಲಮ್ಮ. ನಾನೇ ಕತ್ತೆ ಮೇಲೆ ಹೇರಿ ಕಳಿಸಿದ್ದು."

ಅಜ್ಜಿ ಮೆಲ್ಲನೆ ಮತ್ತೆ ಚಾಪೆಯ ಮೇಲೆ ಕೂತಳು.

ಅಪ್ಪ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಆ ಕಲ್ಲಲ್ಲಿ ಚಿನ್ನ ಮಾತ್ರ ಇರಲಿಲ್ಲ. ಸೀಸವೂ ಇತ್ತು. ಬೈಕಿನ ಬ್ಯಾಟರಿಯೊಳಗೆ ಇರುತ್ತದಲ್ಲ, ಆ ಸೀಸ. ಕುಟ್ಟಿದಾಗ ಅದು ಧೂಳಾಗಿ ಅಂಗಳದಲ್ಲಿ, ಚಾಪೆಯಲ್ಲಿ, ಮುದ್ದೆಯಲ್ಲಿ ಎಲ್ಲ ಕಡೆ ಕೂರುತ್ತಿತ್ತು. ದೊಡ್ಡವರಿಗೂ ಅದು ವಿಷವೇ. ಸಣ್ಣ ಮಕ್ಕಳ ಮೈಯಲ್ಲಂತೂ ನೇರ ಮಿದುಳಿಗೇ ಹೋಗುತ್ತಿತ್ತು.

ಲಾರೈ ಅಂಗಳದ ಕಡೆ ನೋಡಿದಳು. ಬೆಳಿಗ್ಗೆ ತಾನೇ ಗುಡಿಸಿದ ಅಂಗಳ. ಒಂದು ಕಸಕಡ್ಡಿಯೂ ಇಲ್ಲದೆ ಥಳಥಳ ಎನ್ನುತ್ತಿತ್ತು. ಅವಳಿಗೆ ಕಾಲು ಕೆಳಗಿಡಲೇ ಹೆದರಿಕೆಯಾಯಿತು.

ಮರುದಿನ ಊರಲ್ಲಿ ಡಂಗುರ ಸಾರಿದರು. ಇನ್ನು ಮೇಲೆ ಕಲ್ಲು ಕುಟ್ಟುವುದಿದ್ದರೆ ಊರಾಚೆ ದೂರದಲ್ಲೇ ಕುಟ್ಟಬೇಕು. ಮನೆಯಲ್ಲಿ ಒಂದು ಹಿಡಿ ಪುಡಿಯೂ ಇರಕೂಡದು. ಮಳೆ ಬೀಳುವ ಮುಂಚೆ ಪ್ರತಿ ಅಂಗಳದ ಮಣ್ಣನ್ನೂ ಕೆರೆದು ಸಾಗಿಸಿ, ಬೇರೆ ಮಣ್ಣು ಹಾಕುತ್ತಾರೆ. ಅಪ್ಪ ಹೊರಗೆ ಬಿದ್ದಿದ್ದ ಕಲ್ಲುಗಳನ್ನೆಲ್ಲ ಊರಾಚೆ ಸಾಗಿಸಿ, ಔಷಧಿಯ ಓಡಾಟಕ್ಕೆಂದು ಮತ್ತೆ ಪಟ್ಟಣಕ್ಕೆ ಹೋದ.

ಅವತ್ತು ಲಾರೈ ಸ್ಕೂಲಿಂದ ಬಂದಾಗ ಅಜ್ಜಿ ಮೂಲೆಯಿಂದ ಏನನ್ನೋ ದರದರ ಎಳೆಯುತ್ತಿದ್ದಳು. ಅಮ್ಮನ ಪುಡಿಯ ಮೂಟೆ.

"ಅಜ್ಜೀ! ಅದನ್ನೂ ಅಪ್ಪ ತಗೊಂಡು ಹೋಗಿಲ್ವಾ?"

"ಶ್! ಮೆಲ್ಲಗೆ ಮಾತಾಡೇ! ನಿಮ್ಮಪ್ಪಂಗೆ ಕಾಣಿಸ್ದೇ ಇರ್ಲಿ ಅಂತ ಚಾಪೆ ಮುಚ್ಚಿದ್ದೆ. ನಿಮ್ಮಮ್ಮನ ಬೆವರು ಕಣೇ ಇದು. ಅಂಗೈ ಬೊಬ್ಬೆ ಬಂದು ಒಡೆದು, ಮತ್ತೆ ಬೊಬ್ಬೆ ಬಂದಿದ್ದು ನಾನು ನೋಡಿದೀನಿ. ಅವಳು ಅಲ್ಲಿ ಮಗು ಕಾಯ್ತಾ ಕೂತಿರೋವಾಗ ಇಲ್ಲಿ ಯಾರೋ ಬಂದು ಇದನ್ನ ಗುಂಡಿಗೆ ಸುರೀಲಿ ಅಂತ ಬಿಡ್ಲಾ?"

"ಡಂಗುರ ಹೊಡೆದ್ರಲ್ಲ ಅಜ್ಜಿ..."

"ಹೊಡೆದೋರು ಹೊಡೀಲಿ. ಬಾಯಿ ಕಟ್ಟಿರೋ ಮೂಟೆ, ಯಾರಿಗೇನು ಮಾಡುತ್ತೆ? ಆ ಕಡೆಯಿಂದ ಕಾಲಲ್ಲಿ ನೂಕು."

ಮನೆಯಲ್ಲಿ ಹೊರಗಿನ ಯಾವ ಗಂಡಸಿನ ಕಣ್ಣಿಗೂ ಬೀಳದ ಜಾಗ ಒಂದೇ. ಅಮ್ಮನ ಕೋಣೆ. ಅಪ್ಪನನ್ನು ಬಿಟ್ಟರೆ ಬೇರೆ ಯಾವ ಗಂಡಸೂ, ಸಾಕ್ಷಾತ್ ಊರ ಯಜಮಾನರೇ ಬಂದರೂ, ಆ ಹೊಸಿಲು ತುಳಿಯುವಂತಿರಲಿಲ್ಲ. ಅಜ್ಜಿ ಮುಂದಿನಿಂದ ಎಳೆದಳು. ಲಾರೈ ಹಿಂದಿನಿಂದ ಕಾಲಲ್ಲಿ ನೂಕಿದಳು. ಮೂಟೆ ಅಮ್ಮನ ಮಂಚದ ಕೆಳಗೆ ಸೇರಿತು. ಅಜ್ಜಿ ಮೇಲೊಂದು ಹಳೆಯ ಬಟ್ಟೆ ಹೊದಿಸಿದಳು.

ಎರಡು ದಿನ ಬಿಟ್ಟು ಕೆಲಸದವರು ಬಂದರು. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ಹೆಗಲ ಮೇಲೆ ಸಲಿಕೆ. ಅವರು ಗೋಡೆಯಾಚೆಯೇ ನಿಂತರು. ಮೊದಲು ಒಳಗೆ ಬಂದವಳು ನರ್ಸ್ ಬಿಲ್ಕಿಸು. ಹಸಿರು ಮುಸುಕು, ಕೈಯಲ್ಲಿ ಡ್ರಿಲ್ಲಿನ ಹಾಗಿದ್ದ ಒಂದು ಮಷೀನು. ನಡೆಯುವಾಗ ಅವಳ ಪ್ಲಾಸ್ಟಿಕ್ ಚಪ್ಪಲಿ ಚಟ್ ಚಟ್ ಎನ್ನುತ್ತಿತ್ತು.

"ಅಜ್ಜಿ, ನಮಸ್ಕಾರ. ಚೆನ್ನಾಗಿದೀರಾ? ಮನೆಯೋರೆಲ್ಲ ಹೇಗಿದಾರೆ?" ಎಂದು ಮಂಡಿ ಬಗ್ಗಿಸಿ ಕೇಳಿದಳು. ಅಜ್ಜಿಗೆ ಅದು ಹಿಡಿಸಿತು. ದೊಡ್ಡವರಿಗೆ ಮರ್ಯಾದೆ ಕೊಡುವ ಹುಡುಗಿ ಎಂದುಕೊಂಡಳು.

"ಇದೇನು ನರ್ಸಮ್ಮ?" ಎಂದಳು ಲಾರೈ, ಮಷೀನಿಗೆ ಕಣ್ಣು ಕೀಲಿಸಿ.

"ಮಣ್ಣಲ್ಲಿ ಸೀಸ ಎಷ್ಟಿದೆ ಅಂತ ನೋಡೋದು. ನಿನಗೆ ನಂಬರ್ ಓದೋಕೆ ಬರುತ್ತಾ?"

"ಓ! ನಾನು ಲೆಕ್ಕದಲ್ಲಿ ಕ್ಲಾಸಿಗೇ ಫಸ್ಟು."

"ಹಾಗಾದ್ರೆ ನೀನೇ ಓದಿ ಹೇಳು. ನಾನೂರು ದಾಟ್ಬಾರದು. ದಾಟಿದ್ರೆ ಮಕ್ಕಳು ಅಲ್ಲಿ ಆಡಬಾರದು."

ಬಿಲ್ಕಿಸು ಔತಾ ದಿನಾ ಆಡುತ್ತಿದ್ದ ಬೇವಿನ ಮರದ ನೆರಳಲ್ಲಿ ಮಷೀನಿನ ಮೂತಿಯನ್ನು ನೆಲಕ್ಕೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಂಕಿಗಳು ಮೂಡಿದವು. ಲಾರೈ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಅರವತ್ತು... ಅರವತ್ತು ಸಾವಿರ."

"ಸರಿಯಾಗಿ ಓದು."

"ಸರಿಯಾಗೇ ಓದಿದೀನಿ!"

ಬಿಲ್ಕಿಸು ಮಷೀನನ್ನು ತಿರುಗಿಸಿ ನೋಡಿದಳು. ಕೆಟ್ಟಿರಬೇಕೆಂದು ಅಂಗೈಯಲ್ಲಿ ಎರಡು ಸಲ ತಟ್ಟಿ ಇನ್ನೊಂದು ಕಡೆ ಒತ್ತಿದಳು. ಅಲ್ಲಿ ಇನ್ನೂ ಹೆಚ್ಚು ಬಂತು. ಅವಳ ಮುಖದ ನಗು ಮಾಯವಾಯಿತು. ಒರಳಿಗೆ ಇಟ್ಟಳು. ಚಾಪೆಗೆ ಇಟ್ಟಳು. ಗೂಟಕ್ಕೆ ನೇತುಹಾಕಿದ್ದ ಜರಡಿಗೆ ಇಟ್ಟಳು. ಲಾರೈ ಓದುತ್ತಾ ಹೋದಳು. ಅವಳ ದನಿ ಸಣ್ಣಗಾಗುತ್ತಾ ಹೋಯಿತು.

"ಈ ಜರಡಿ ಹಿಡೀತಿದ್ದೋರು ಯಾರು?"

"ನಾನು."

ಹೇಳಿದ ಮೇಲೆ ಲಾರೈ ತನ್ನ ಬೆರಳುಗಳನ್ನು ನೋಡಿಕೊಂಡಳು.

"ನರ್ಸಮ್ಮ... ಔತಾ ಮಣ್ಣು ತಿಂದಾಗೆಲ್ಲ ನಾನೇ ಅವನ ಬಾಯಿಗೆ ಬೆರಳು ಹಾಕಿ ತೆಗೀತಿದ್ದೆ. ಇದೇ ಕೈ. ಹಾಗಾದ್ರೆ ನಾನು..."

ಬಿಲ್ಕಿಸು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ.

"ಆ ಕೈಯಲ್ಲೂ ಸ್ವಲ್ಪ ಇತ್ತು ಪುಟ್ಟಾ. ಅಮ್ಮನ ಸೆರಗಲ್ಲೂ ಇತ್ತು, ಅಪ್ಪನ ಬಟ್ಟೇಲೂ ಇತ್ತು. ನಿನ್ನ ಹೊಟ್ಟೇಲೂ ಇದೆ, ನಾಳೆ ನಿನ್ನ ರಕ್ತಾನೂ ತಗೋತೀವಿ. ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ, ಇನ್ನು ಮುಂದಕ್ಕೆ ನೋಡ್ಬೇಕು."

ಲಾರೈ ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು ನಿಂತಳು. ಯಾವುದಕ್ಕೆ ಒರೆಸಿಕೊಳ್ಳಬೇಕೋ ತಿಳಿಯಲಿಲ್ಲ.

ಅಜ್ಜಿ ಮುಸುಕೆಳೆದುಕೊಂಡು ಕೋಣೆಯ ಬಾಗಿಲಲ್ಲಿ ಕೂತ ಮೇಲೆ ಗಂಡಸರು ಅಂಗಳಕ್ಕೆ ಬಂದರು. ನೀರು ಚಿಮುಕಿಸಿ ಮಣ್ಣು ಕೆರೆದರು. ಔತಾ ಅಂಬೆಗಾಲಿಟ್ಟ ಮಣ್ಣು, ಲಾರೈ ಕುಂಟಾಬಿಲ್ಲೆಗೆ ಗೆರೆ ಎಳೆದಿದ್ದ ಮಣ್ಣು, ಎಲ್ಲವೂ ಚೀಲಗಳಲ್ಲಿ ತುಂಬಿ ಹೊರಗೆ ಹೋಯಿತು. ಸಂಜೆಯ ಹೊತ್ತಿಗೆ ಮನೆಯ ಗೋಡೆಯ ಬುಡ ಗೇಣುದ್ದ ಬೆತ್ತಲಾಗಿತ್ತು. ಆಮೇಲೆ ದೂರದಿಂದ ತಂದ ಕೆಂಪು ಮಣ್ಣು ಹಾಸಿದರು.

"ಅಂಗಳ ಆಯ್ತು," ಎಂದಳು ಬಿಲ್ಕಿಸು. "ಅಜ್ಜಿ, ಒಳಗೆ ಕಲ್ಲು, ಪುಡಿ ಏನಾದ್ರೂ ಉಳಿದಿದೆಯಾ?"

"ಇಲ್ಲಮ್ಮ. ಅದು ನನ್ನ ಸೊಸೆ ಕೋಣೆ. ಅಲ್ಲೇನಿರುತ್ತೆ? ಹೊದಿಕೆ, ಪಾತ್ರೆ."

ಮುಪ್ಪಿನವರು ಇಲ್ಲ ಎಂದ ಮೇಲೆ ಮುಗಿಯಿತು. ಅವರ ಮಾತನ್ನು ಮೀರಿ ಒಳಗೆ ನುಗ್ಗಿ ನೋಡುವುದು ಆ ಸೀಮೆಯಲ್ಲಿ ದೊಡ್ಡ ಅವಮಾನ. ಬಿಲ್ಕಿಸು ತಲೆಯಾಡಿಸಿ, ಮಷೀನನ್ನು ಪೆಟ್ಟಿಗೆಗೆ ಹಾಕತೊಡಗಿದಳು. ಲಾರೈ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಣ್ಣಲ್ಲೇ 'ಸುಮ್ಮನಿರು' ಎಂದಳು.

"ನರ್ಸಮ್ಮ, ಔತಾ ಮನೆಗೆ ಬರ್ತಾನಾ?"

"ಬರ್ತಾನೆ. ಔಷಧಿ ಕೆಲಸ ಮಾಡ್ತಿದೆ. ರಕ್ತದಿಂದ ಸೀಸ ಇಳೀತಿದೆ."

"ಮತ್ತೆ ಹಾಗಾಗಲ್ವಾ?"

"ಮನೇಲಿ ಸೀಸ ಇಲ್ದಿದ್ರೆ ಆಗಲ್ಲ. ಇದ್ರೆ, ಎಷ್ಟು ಔಷಧಿ ಕೊಟ್ರೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಇನ್ನೊಂದು ಸಲ ಹಾಗೆ ಫಿಟ್ಸ್ ಬಂದ್ರೆ..." ಬಿಲ್ಕಿಸು ಪೆಟ್ಟಿಗೆಯ ಚಿಲಕ ಹಾಕಿದಳು.

ಲಾರೈಗೆ ಅಮ್ಮನ ಅಂಗೈಯ ಬೊಬ್ಬೆಗಳ ನೆನಪಾಯಿತು. ಹೊಲಿಗೆ ಮಷೀನಿನ ನೆನಪಾಯಿತು. ಅಜ್ಜಿಯ ಎದುರು ಮಾತಾಡಿದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಮೊಮ್ಮಕ್ಕಳು ಅಜ್ಜಿಯನ್ನು ಗೇಲಿ ಮಾಡಬಹುದು. ಹೊರಗಿನವರ ಎದುರು ಸುಳ್ಳುಗಾತಿ ಮಾಡುವ ಹಾಗಿಲ್ಲ. ಆದರೆ ಕಣ್ಣ ಮುಂದೆ ಔತಾನ ಹೊರಳಿದ ಕಣ್ಣುಗುಡ್ಡೆಗಳೇ ನಿಂತಿದ್ದವು.

"ಇದೆ," ಎಂದಳು. "ಮಂಚದ ಕೆಳಗೆ. ಒಂದು ಮೂಟೆ. ನಾನೇ ಕಾಲಲ್ಲಿ ನೂಕಿದ್ದು."

"ಲಾರೈ!" ಅಜ್ಜಿ ಕಿರುಚಿದಳು. "ಮನೆಹಾಳಿ! ನಿಮ್ಮಮ್ಮನ ಹೊಟ್ಟೆ ಮೇಲೆ ಹೊಡೀತೀಯೇನೇ?"

ಲಾರೈಯ ಕಣ್ಣಲ್ಲಿ ನೀರು ತುಂಬಿತು. ಆದರೂ ನಿಂತಲ್ಲಿಂದ ಕದಲಲಿಲ್ಲ.

ಬಿಲ್ಕಿಸು ಬೈಯಲಿಲ್ಲ. ಪೆಟ್ಟಿಗೆ ತೆರೆದು ಮಷೀನು ತೆಗೆದಳು. "ಒಳಗೆ ಬರಬಹುದಾ ಅಜ್ಜಿ?" ಎಂದು ಕೇಳಿದಳು. ಅಜ್ಜಿ ಮುಖ ತಿರುಗಿಸಿದಳು. ಬೇಡ ಎನ್ನಲಿಲ್ಲ.

ಮೂಟೆಯ ಸುತ್ತ ನೆಲದ ಮೇಲೆ ಬೂದಿ ಬಣ್ಣದ ಪುಡಿ ಸೋರಿತ್ತು. ಬಾಯಿ ಕಟ್ಟಿದ್ದೇನೋ ನಿಜ. ತಳದಲ್ಲಿ ಇಲಿ ಕಡಿದ ತೂತು ಯಾರಿಗೂ ಕಂಡಿರಲಿಲ್ಲ. ಬಿಲ್ಕಿಸು ಮಷೀನನ್ನು ಮಂಚದ ಮೇಲಿನ ಪುಟ್ಟ ಹೊದಿಕೆಗೆ ಒತ್ತಿದಳು.

"ಇದು ಯಾರದು?"

"ಔತಾಂದು," ಎಂದಳು ಲಾರೈ. "ಇಲ್ಲೇ ಮಲಗೋದು ಅವನು."

"ಎಷ್ಟು ಬಂತು?" ಬಾಗಿಲಲ್ಲಿ ನಿಂತ ಅಜ್ಜಿಯ ದನಿ ಮೊದಲಿನಂತಿರಲಿಲ್ಲ. "ನನಗೆ ಓದೋಕೆ ಬರಲ್ಲ. ಹೇಳೇ. ಎಷ್ಟು?"

"ಅಂಗಳದಷ್ಟೇ, ಅಜ್ಜಿ. ಅದಕ್ಕಿಂತ ಜಾಸ್ತಿ."

ಅಜ್ಜಿ ಹೊಸಿಲ ಮೇಲೆ ಕುಸಿದು ಕೂತಳು. ಆ ಪುಟ್ಟ ಹೊದಿಕೆಯನ್ನೇ ನೋಡಿದಳು.

"ಗಂಡಸರ ಕಣ್ಣಿಗೆ ಬೀಳಬಾರದು ಅಂತ ಇಲ್ಲಿಟ್ಟೆ ಕಣಮ್ಮ. ಮಗು ಮೂಗಿನ ಕೆಳಗೇ ಇಡ್ತಿದೀನಿ ಅಂತ ಹೊಳೀಲೇ ಇಲ್ಲ. ಆಸ್ಪತ್ರೆಯಿಂದ ಬಂದಿದ್ರೆ ಅವನು ಇಲ್ಲೇ ಮಲಗ್ತಿದ್ದ. ನಾನೇ ಜೋಗುಳ ಹಾಡಿ ಮಲಗಿಸ್ತಿದ್ದೆ."

ಬಿಲ್ಕಿಸು ಮೂಟೆಯನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ಬಿಗಿಯಾಗಿ ಕಟ್ಟಿದಳು. ಹೊರಗಿನವರನ್ನು ಕೂಗಲು ಹೋದಾಗ ಅಜ್ಜಿ ತಡೆದಳು. ಎದ್ದು ತಾನೇ ಒಂದು ತುದಿ ಹಿಡಿದಳು. ನಡು ಬಗ್ಗಿದ ಮುದುಕಿ ಮತ್ತು ನರ್ಸಮ್ಮ ಸೇರಿ ಅಮ್ಮನ ಅಷ್ಟು ದಿನದ ಬೆವರನ್ನು ಗೋಡೆಯಾಚೆ ಕೊಟ್ಟು ಬಂದರು. ಅವತ್ತು ಸಂಜೆ ಅಜ್ಜಿ ಲಾರೈಗೆ ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಮಲಗುವ ಮುಂಚೆ ಮಾತ್ರ ಸೋಪು ಹಚ್ಚಿ ಮೊಮ್ಮಗಳ ಎರಡೂ ಕೈಗಳನ್ನು ಉಗುರ ಸಂದಿಯವರೆಗೆ ತಿಕ್ಕಿ ತಿಕ್ಕಿ ತೊಳೆದಳು.

ಮೊದಲ ಮಳೆ ಬಿದ್ದು ಕೆಂಪು ಮಣ್ಣು ಗಟ್ಟಿಯಾದ ಮೇಲೆ ಅಮ್ಮ ಔತಾನನ್ನು ಕರೆತಂದಳು.

ಅಮ್ಮ ಬಹಳ ಸೊರಗಿದ್ದಳು. ಮೂಟೆಯ ಸುದ್ದಿ ಅಪ್ಪನಿಂದ ಅವಳಿಗೆ ಮುಟ್ಟಿತ್ತು. ಲಾರೈ ಹತ್ತಿರ ಹೋಗಲು ಹಿಂಜರಿದು ನಿಂತಾಗ ಅಮ್ಮನೇ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಆ ಹಿಡಿತ ಬಿಗಿಯಾಗಿತ್ತು.

ಔತಾನ ಕೆನ್ನೆ ಮತ್ತೆ ತುಂಬಿಕೊಂಡಿತ್ತು. ಅಮ್ಮ ಕೆಳಗಿಳಿಸಿದ ಕೂಡಲೇ ತಟ್ಟಾಡುತ್ತಾ ಬೇವಿನ ಮರದ ಕಡೆ ನಡೆದ. ನಡೆದ! ಲಾರೈಗೆ ಕುಣಿದಾಡುವಷ್ಟು ಖುಷಿಯಾಯಿತು.

"ಔತಾ!" ಎಂದು ಹಿಂದಿನಿಂದ ಕರೆದಳು.

ಔತಾ ಮರದ ಬುಡದಲ್ಲಿ ಕೂತು ಒಂದು ಎಲೆಯನ್ನು ಎತ್ತಿಕೊಂಡ.

"ಔತಾ! ಏ ಪೋರ! ಅಕ್ಕನ್ನ ಮರೆತುಬಿಟ್ಯಾ?"

ಎಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮೊದಲಾಗಿದ್ದರೆ ಹೆಸರು ಬಾಯಿಂದ ಬೀಳುವ ಮುಂಚೆ ಓಡಿ ಬರುತ್ತಿದ್ದ ಮಗು. ಲಾರೈ ಇನ್ನೂ ಹತ್ತಿರ ಹೋಗಿ, ಅವನ ಬೆನ್ನ ಹಿಂದೆಯೇ ನಿಂತು, ಜೋರಾಗಿ ಚಪ್ಪಾಳೆ ತಟ್ಟಿದಳು. ಮರದ ಮೇಲಿದ್ದ ಹಕ್ಕಿಗಳು ಬುರ್‍ರನೆ ಹಾರಿದವು. ಔತಾ ತಿರುಗಲಿಲ್ಲ.

ಲಾರೈ ಅಮ್ಮನ ಕಡೆ ನೋಡಿದಳು. ಅಮ್ಮ ಮೊದಲೇ ಇವಳನ್ನೇ ನೋಡುತ್ತಿದ್ದಳು. ಅಮ್ಮನಿಗೆ ಆಶ್ಚರ್ಯವೇ ಆಗಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲೇ ಗೊತ್ತಾಗಿತ್ತು.

ಲಾರೈ ಮರವನ್ನು ಸುತ್ತಿ ಬಂದು ತಮ್ಮನ ಎದುರಿಗೆ, ಅವನ ಕಣ್ಣಿಗೆ ನೇರವಾಗಿ ಕೂತಳು. ಔತಾ ತಲೆ ಎತ್ತಿದ. ಅಕ್ಕನನ್ನು ಕಂಡದ್ದೇ ತಡ, ಮುಖವೆಲ್ಲ ಬಾಯಾಗಿ ನಕ್ಕ. ಕೈಯಲ್ಲಿದ್ದ ಎಲೆಯನ್ನು ಅವಳಿಗೆ ಕೊಟ್ಟ.

ಅಷ್ಟರಲ್ಲಿ ಒಲೆಯ ಮುಂದಿದ್ದ ಅಜ್ಜಿಗೆ ಸುದ್ದಿ ಮುಟ್ಟಿತ್ತು. "ಔತಾ! ಬಂದ್ಯಾ ನನ್ನಪ್ಪಾ! ಎಲ್ಲಿದೀಯೋ? ಔತಾ!" ಎಂದು ಒಳಗಿಂದಲೇ ಸಡಗರದಿಂದ ಕೂಗಿದಳು.

ಲಾರೈ ಎಲೆಯನ್ನು ಹಿಡಿದುಕೊಂಡೇ ಆ ಕಡೆ ತಿರುಗಿದಳು.

"ಅಜ್ಜಿ, ಅಲ್ಲಿಂದ ಕೂಗ್ಬೇಡ," ಎಂದಳು. "ಇಲ್ಲಿಗೆ ಬಾ. ಅವನ ಎದುರಿಗೆ ಬಂದು ಕೂತ್ಕೋ."